ಎಡಕ್ಕೇ ನಿಂತ ಕಡ್ಡಿ

ಕಾರಿನ ವೈರಿಂಗ್ ಕೆಲಸ ನಾನು ಕಲಿತದ್ದು ಕಲಾಸಿಪಾಳ್ಯದಲ್ಲಿ, ಒಬ್ಬ ವಯಸ್ಸಾದ ಉಸ್ತಾದರ ಹತ್ತಿರ. ಆರು ವರ್ಷ ಅವರ ಜೊತೆಗಿದ್ದು, ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಜಯನಗರದಲ್ಲಿ ನನ್ನದೇ ಒಂದು ತಗಡಿನ ಶೆಡ್ಡು ಹಾಕಿಕೊಂಡೆ. ನಮ್ಮದು ಹೊಸಕೆರೆಹಳ್ಳಿ. ಅಪ್ಪ ಕೆರೆಯ ಕೆಳಗೆ ಭತ್ತ, ಮೇಲೆ ರಾಗಿ ಬೆಳೆಯುತ್ತಿದ್ದರು. ಬ್ಯಾಟರಿ ಆಸಿಡ್ಡು ಬಿದ್ದು ತೂತಾದ ನನ್ನ ಅಂಗಿಗಳನ್ನು ನೋಡಿ ಅಮ್ಮ ಮುಖ ಕಿವುಚುತ್ತಿದ್ದಳು. ಜಯನಗರ ಆಗಿನ್ನೂ ಪೂರ್ತಿ ಊರಾಗಿರಲಿಲ್ಲ. ಗುರುತಿನ ಕಲ್ಲು ನೆಟ್ಟ ಸೈಟುಗಳು, ನಡುವೆ ಅಲ್ಲೊಂದು ಇಲ್ಲೊಂದು ಸುಣ್ಣದ ವಾಸನೆ ಆರದ ಮನೆ. ಕಾರು ಇಟ್ಟವರು ಬೆರಳೆಣಿಕೆ ಮಂದಿ. ಅವರ ಕಾರುಗಳೂ ಹಳೆಯವು. ಏನಾದರೂ ಕೆಟ್ಟರೆ ಹೊಸ ಸಾಮಾನು ಸಿಗುತ್ತಿರಲಿಲ್ಲ. ಇದ್ದದ್ದನ್ನೇ ತಿದ್ದಿ, ತೇದು, ಇನ್ನೊಂದರಿಂದ ಕಿತ್ತು ಕೂರಿಸಬೇಕು. ಹಾಗೆ ಕೂರಿಸುವುದರಲ್ಲಿ ನನಗೆ ಬಹಳ ಜಂಬವಿತ್ತು.

ಡಾಕ್ಟರು ನನ್ನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಅರವತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡಿದ್ದರು, ಮನೆಯ ಮುಂದಿನ ಕೋಣೆಯಲ್ಲೇ ಶಾಪು, ಅಂದರೆ ದವಾಖಾನೆ, ಇಟ್ಟಿದ್ದರು. ವಾರಕ್ಕೆ ಎರಡು ಬೆಳಿಗ್ಗೆ ತಮ್ಮ ಕಾರಿನಲ್ಲಿ ಕನಕಪುರ ರಸ್ತೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಕೋಣನಕುಂಟೆ ಕಡೆ ಅವರ ಕಾರು ಬಂತೆಂದರೆ ಜನ ಹೊಲದಲ್ಲಿ ನಿಂತೇ ಕೈ ಮುಗಿಯುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಕಾರಿನ ಸಿಗ್ನಲ್ ಸ್ವಿಚ್ಚು ಕೆಟ್ಟಿತ್ತು. ಸ್ಟಿಯರಿಂಗ್ ಚಕ್ರದ ಕೆಳಗೆ ಒಂದು ಕಡ್ಡಿ ಇರುತ್ತದೆ. ಎಡಕ್ಕೆ ತಳ್ಳಿದರೆ ಎಡಗಡೆಯ ದೀಪ ಮಿನುಗುತ್ತದೆ, ಬಲಕ್ಕೆ ತಳ್ಳಿದರೆ ಬಲಗಡೆಯದು. ತಿರುವು ಮುಗಿದು ಚಕ್ರ ನೇರವಾಗುವಾಗ, ಒಳಗಿನ ಒಂದು ಸಣ್ಣ ಹಿತ್ತಾಳೆ ನಾಲಗೆ ಆ ಕಡ್ಡಿಯನ್ನು ತಾನಾಗಿಯೇ ನಡುವಿಗೆ ತಳ್ಳಬೇಕು, ದೀಪ ಆರಬೇಕು. ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ನಾಲಗೆ. ಒಂದೊಂದನ್ನೂ ಎತ್ತಿ ಹಿಡಿಯುವುದು ಕೂದಲೆಳೆಯಂಥ ಒಂದು ಸ್ಪ್ರಿಂಗು. ಡಾಕ್ಟರ ಕಾರಿನಲ್ಲಿ ಎಡಗಡೆಯ ಸ್ಪ್ರಿಂಗು ತುಂಡಾಗಿತ್ತು. ಎಡಕ್ಕೆ ತಿರುಗಿದ ಮೇಲೂ ಕಡ್ಡಿ ಎಡದಲ್ಲೇ ನಿಲ್ಲುತ್ತಿತ್ತು.

ಎರಡು ತಿಂಗಳು ಅವರು ಹಾಗೇ ಓಡಿಸಿದರು. ಬಲಗಡೆಯದು ಸರಿಯಿದ್ದರೂ, ಪ್ರತಿ ತಿರುವಿನ ನಂತರ ಕೈಯಿಂದಲೇ ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಮರೆಯಬಾರದೆಂದು ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸವನ್ನೂ ಮಾಡಿಕೊಂಡಿದ್ದರು: "ಎಡ... ನಡು. ಬಲ... ನಡು." ಪಕ್ಕದಲ್ಲಿ ಕೂತಿದ್ದಾಗ ಕೇಳಿ ನನಗೆ ನಗು ಬಂದಿತ್ತು.

"ಎಷ್ಟು ದಿನ ಅಂತ ಹಿಂಗೆ ಮಂತ್ರ ಹೇಳ್ಕೊಂಡು ಓಡಿಸ್ಲಯ್ಯ? ಸರಿ ಮಾಡಿಕೊಡು," ಅಂದರು.

ಸ್ಪ್ರಿಂಗು ಮದರಾಸಿನಿಂದ ತರಿಸಬೇಕಿತ್ತು. ತಿಂಗಳಾದರೂ ಬರುತ್ತದೆಂಬ ಖಾತ್ರಿ ಇರಲಿಲ್ಲ. ನಾನು ಒಂದು ಹಳೆಯ ಸೈಕಲ್ ಬೆಲ್ಲು ಬಿಚ್ಚಿ, ಅದರ ಸ್ಪ್ರಿಂಗನ್ನು ಕತ್ತರಿಸಿ, ಬಗ್ಗಿಸಿ ಕೂರಿಸಿದೆ. ಅದು ಸ್ವಲ್ಪ ದಪ್ಪ, ಸ್ವಲ್ಪ ಗಿಡ್ಡ. ಶೆಡ್ಡಿನಲ್ಲಿ ಚಕ್ರ ತಿರುಗಿಸಿ ನೋಡಿದೆ. ಕಡ್ಡಿ ನಡುವಿಗೆ ಬಂತು. ಹತ್ತು ಸಲ ನೋಡಿದೆ, ಒಂಬತ್ತು ಸಲ ಬಂತು. ಒಂದು ಸಲ ಬರಲಿಲ್ಲ. ಹೊಸದಲ್ಲವೇ, ಓಡಾಡುತ್ತಾ ಕೂತುಕೊಳ್ಳುತ್ತದೆ ಅಂದುಕೊಂಡೆ. ಡ್ರೈವರಿನ ಮುಂದೆ, ದೀಪ ಉರಿಯುತ್ತಿದೆಯೆಂದು ತೋರಿಸುವ ಒಂದು ಸಣ್ಣ ಹಸಿರು ಬಲ್ಬು ಇರುತ್ತದೆ. ಅದೂ ಸುಟ್ಟಿತ್ತು. ಅದನ್ನು ಆಮೇಲೆ ಹಾಕಿದರಾಯಿತು ಎಂದು ಬಿಟ್ಟೆ.

"ಇನ್ನು ನೀವು ಕೈ ಹಾಕೋದೇ ಬೇಡ ಸಾರ್. ತಾನಾಗೇ ಬರುತ್ತೆ," ಅಂದೆ.

ಈ ಮಾತು ನಾನು ಹೇಳಿದ್ದು ಸೋಮವಾರ. ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಡಾಕ್ಟರ ಕಾಂಪೌಂಡರು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಬಂದ. ಸಾರಕ್ಕಿ ಹತ್ತಿರ ಪುಟ್ಟೇನಹಳ್ಳಿ ದಾರಿ ಬಂದು ಕೂಡುವಲ್ಲಿ ಒಬ್ಬ ಸೈಕಲ್ಲಿನವನು ಕಾರಿಗೆ ಅಡ್ಡ ಬಂದನಂತೆ. ಡಾಕ್ಟರು ಅವನನ್ನು ಒಂದು ಲಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದಾರಂತೆ. ಕಾರು ಅಲ್ಲೇ ಇದೆ, ರೇಡಿಯೇಟರು ಸೋರುತ್ತಿದೆ, ತಂದು ಶೆಡ್ಡಿನಲ್ಲಿ ಇಟ್ಟುಕೊಳ್ಳಬೇಕಂತೆ.

ನಾನು ಹೋದಾಗ ಬಿಸಿಲು ಏರಿತ್ತು. ರಸ್ತೆಯ ಮೇಲೆ ಸೊಪ್ಪು ಚೆಲ್ಲಿತ್ತು. ದಂಟು, ಮೆಂತ್ಯ, ಸಬ್ಬಸಿಗೆ, ಎಲ್ಲ ಕಟ್ಟು ಕಟ್ಟಾಗಿ. ಯಾರೋ ಅದನ್ನು ಒಂದು ಕಡೆ ಒಟ್ಟುತ್ತಿದ್ದರು. ಸೈಕಲ್ಲಿನ ಮುಂದಿನ ಚಕ್ರ ಎಂಟರ ಆಕಾರಕ್ಕೆ ತಿರುಚಿಕೊಂಡಿತ್ತು. ಹತ್ತಿಪ್ಪತ್ತು ಜನ ಸೇರಿದ್ದರು. ಕಾನ್‌ಸ್ಟೇಬಲ್ ಒಬ್ಬ ಆಲದ ಮರದ ನೆರಳಲ್ಲಿ ನಿಂತು ಬರೆದುಕೊಳ್ಳುತ್ತಿದ್ದ.

ಬಿದ್ದವನು ಯಾರೆಂದು ಕೇಳಿದೆ. ಹೇಳಿದರು. ಮುಖಪರಿಚಯ ನನಗಿತ್ತು. ಪುಟ್ಟೇನಹಳ್ಳಿಗೆ ನನ್ನ ಅಕ್ಕನನ್ನು ಕೊಟ್ಟಿತ್ತು. ಇವನು ಆ ಊರಿನ ಕೆರೆ ಪಕ್ಕದಲ್ಲಿ ಸೊಪ್ಪು ಬೆಳೆದು, ಬೆಳಿಗ್ಗೆ ಹೊತ್ತು ಬಸವನಗುಡಿ ಮನೆಗಳಿಗೆ ಸೈಕಲ್ಲಿನಲ್ಲಿ ಮಾರಿಕೊಂಡು ಬರುತ್ತಿದ್ದವನು. ಅಕ್ಕನ ಮನೆಗೆ ಹೋಗುವಾಗ ಎಷ್ಟೋ ಸಲ ಅವನನ್ನು ಇದೇ ಕೂಡುದಾರಿಯಲ್ಲಿ ಕಂಡಿದ್ದೆ. ಸೈಕಲ್ಲಿಂದ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡೇ ದಾಟುತ್ತಿದ್ದ.

"ನೋಡ್ದೆ ನುಗ್ಬಿಟ್ಟ ಕಣಣ್ಣ. ಡಾಕ್ಟ್ರು ಏನ್ ಮಾಡ್ತಾರೆ ಪಾಪ," ಅಂದ ಒಬ್ಬ.

ನಾನು ಕಾರಿನೊಳಗೆ ಕೂತೆ. ಡಾಕ್ಟರು ಅಷ್ಟು ಗಾಬರಿಯಲ್ಲೂ ಎಂಜಿನ್ ಆರಿಸಿ ಬೀಗದ ಕೈ ಅಲ್ಲೇ ಬಿಟ್ಟಿದ್ದರು. ಬ್ಯಾಟರಿ ಹೇಗಿದೆ ನೋಡೋಣವೆಂದು ತಿರುಗಿಸಿದೆ.

ಟಿಕ್. ಟಿಕ್. ಟಿಕ್.

ಕೆಳಗೆ ನೋಡಿದೆ. ಕಡ್ಡಿ ಎಡಕ್ಕೇ ನಿಂತಿತ್ತು.

ಏನಾಯಿತೆಂದು ತಿಳಿಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಡಾಕ್ಟರು ಜಯನಗರದ ಕಡೆಯಿಂದ ಬಂದು ಕನಕಪುರ ರಸ್ತೆಗೆ ಎಡಕ್ಕೆ ತಿರುಗಿದ್ದಾರೆ. ಕಡ್ಡಿ ನಡುವಿಗೆ ಬಂದಿಲ್ಲ. ಎಂಜಿನ್ ಸದ್ದಿನಲ್ಲಿ ಆ ಟಿಕ್ ಟಿಕ್ ಕೇಳಿಸಿಲ್ಲ, ಹಸಿರು ಬಲ್ಬು ಇಲ್ಲ. ಎಡಗಡೆಯ ದೀಪ ಮಿನುಗಿಸುತ್ತಲೇ ಅಷ್ಟು ದೂರ ನೆಟ್ಟಗೆ ಬಂದಿದ್ದಾರೆ. ಪುಟ್ಟೇನಹಳ್ಳಿ ದಾರಿ ಬಂದು ಸೇರುವುದೂ ಎಡಗಡೆಯಿಂದಲೇ. ಅಲ್ಲಿ ಇಳಿದು ನಿಂತವನು ಕಾರು ನೋಡಿದ್ದಾನೆ, ದೀಪ ನೋಡಿದ್ದಾನೆ. ಇದು ನಮ್ಮ ದಾರಿಗೇ ತಿರುಗುತ್ತದೆ, ನಾನು ದಾಟಬಹುದು ಅಂದುಕೊಂಡಿದ್ದಾನೆ.

ಯಾರೂ ನನ್ನನ್ನು ಗಮನಿಸುತ್ತಿರಲಿಲ್ಲ. ನನ್ನ ಕೈ ತಾನಾಗಿಯೇ ಹೋಗಿ ಆ ಕಡ್ಡಿಯನ್ನು ನಡುವಿಗೆ ತಳ್ಳಿತು. ಸದ್ದು ನಿಂತಿತು.

'ಕೈ ತಾನಾಗಿಯೇ' ಎಂದು ಬರೆದೆ. ಅದು ಸುಳ್ಳು. ನಾನೇ ತಳ್ಳಿದೆ, ತಿಳಿದೇ ತಳ್ಳಿದೆ.

ಆ ಸಂಜೆ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ.

ಪೊಲೀಸಿನವರು ಸೈಕಲ್ಲಿನವನದೇ ಅಜಾಗರೂಕತೆ ಎಂದು ಬರೆದರು. ಕಾರು ಪರೀಕ್ಷೆ ಮಾಡಲು ಬಂದ ಇನ್‌ಸ್ಪೆಕ್ಟರು ಬ್ರೇಕು ನೋಡಿದರು, ಹಾರನ್ನು ನೋಡಿದರು, ಸಿಗ್ನಲ್ಲನ್ನೂ ಹಾಕಿ ನೋಡಿದರು. ಅವರು ನೋಡಿದಾಗ ಕಡ್ಡಿ ಸರಿಯಾಗಿ ನಡುವಿಗೆ ಬಂತು. ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ತಮಗೆ ತಿಳಿದಷ್ಟನ್ನು ಹೇಳಿದರು: ನಾನು ನೇರವಾಗಿ ಹೋಗುತ್ತಿದ್ದೆ, ಅವನು ಇದ್ದಕ್ಕಿದ್ದಂತೆ ಎದುರಿಗೆ ಬಂದ. ಅವರು ಸುಳ್ಳು ಹೇಳಲಿಲ್ಲ. ಊರಿಗೆ ಬೇಕಾದವರು ಅವರು, ಅವರ ಮಾತನ್ನು ಯಾರೂ ಎರಡನೇ ಸಲ ಕೇಳಲಿಲ್ಲ.

ಅಲ್ಲಿಂದ ಮುಂದಿನ ಎರಡು ತಿಂಗಳು ನಾನು ಹೇಗಿದ್ದೆನೋ ಹೇಳುವುದು ಕಷ್ಟ. ಕೆಲಸ ಮಾಡುತ್ತಿದ್ದೆ, ಉಣ್ಣುತ್ತಿದ್ದೆ. ಆದರೆ ಯಾವ ಕಾರಿನಲ್ಲಿ ಕೂತರೂ ಮೊದಲು ಕಣ್ಣು ಹೋಗುತ್ತಿದ್ದುದು ಆ ಕಡ್ಡಿಗೆ. ಬ್ಯಾಟರಿ ಕಳಚಿಟ್ಟ ಕಾರಿನಿಂದಲೂ ಟಿಕ್ ಟಿಕ್ ಕೇಳಿಸುತ್ತಿತ್ತು. ಬಾನೆಟ್ಟಿಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಶೆಡ್ಡಿನ ತಗಡಿನ ಮೇಲೆ ಹಲ್ಲಿ ಲೊಚಗುಟ್ಟಿದ್ದಕ್ಕೆ ಬೆಚ್ಚಿ ಕೈಯಲ್ಲಿದ್ದ ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡೆ. ಎಲ್ಲಕ್ಕಿಂತ ಕಷ್ಟವಾದದ್ದು ಹಗಲು ಬೆಳಕಿನಲ್ಲಿ ಅವನು ಕಾಣುತ್ತಿದ್ದುದು. ದೆವ್ವವಾಗಿ ಅಲ್ಲ. ಯಾವುದೇ ಕ್ರಾಸಿನಲ್ಲಿ ಯಾರಾದರೂ ಸೈಕಲ್ಲಿಂದ ಇಳಿದು, ಒಂದು ಕೈ ಸೀಟಿನ ಮೇಲಿಟ್ಟು ಕತ್ತು ತಿರುಗಿಸಿ ನೋಡುತ್ತಿದ್ದರೆ, ಅದು ಅವನೇ. ಹತ್ತಿರ ಹೋಗುವವರೆಗೆ ಅವನೇ. ನಾನು ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದೆ. ಅಕ್ಕನ ಊರಿಗೆ ಹೋಗುವುದನ್ನೇ ಬಿಟ್ಟೆ.

ಹಾಗಾಗಿ ಅಕ್ಕನೇ ಒಂದು ದಿನ ಶೆಡ್ಡಿಗೆ ಬಂದಳು. ತಿಂಡಿ ತಂದಿದ್ದಳು. ಎಣ್ಣೆ ಡಬ್ಬದ ಮೇಲೆ ಕೂತು ಊರಿನ ಸುದ್ದಿ ಹೇಳುತ್ತಾ ಹೋದಳು.

"ಆ ಸೊಪ್ಪಿನವನ ಹೆಂಡ್ತಿದೇ ಒಂದು ಗೋಳು ಕಣೋ. ಅವನು ಕುಡ್ದಿದ್ದ, ಅದಕ್ಕೇ ನುಗ್ದ ಅಂತ ಅವನಣ್ಣನೇ ಊರೆಲ್ಲ ಹೇಳ್ಕೊಂಡು ಬಂದವ್ನೆ. ಅತ್ತೇನೂ ಹಂಗೇ ಅಂತಾಳೆ. ಈ ಹುಡುಗಿ ಮಾತ್ರ ದಿನಾ ಆ ಕ್ರಾಸಲ್ಲಿ ಹೋಗಿ ನಿಂತ್ಕೊಂಡು ಬಂದೋರ್ನೆಲ್ಲ ಕೇಳ್ತಾಳೆ, ನೀವು ನೋಡಿದ್ರಾ, ಅವ್ರು ಇಳಿದು ನಿಂತಿರ್ಲಿಲ್ವಾ ಅಂತ. ತಲೆ ಕೆಟ್ಟಿದೆ ಅಂತಿದಾರೆ ಜನ."

"ಅವನು ಕುಡೀತಿದ್ನಾ?"

"ಎಲ್ಲಿ ಕುಡೀತಿದ್ದ? ಬೀಡೀನೂ ಸೇದ್ತಿರ್ಲಿಲ್ಲ."

ಅಕ್ಕ ಹೋದ ಮೇಲೆ ಶೆಡ್ಡಿನ ಬಾಗಿಲು ಎಳೆದುಕೊಂಡು ಕೂತೆ. ಸತ್ತವನು ಸತ್ತ, ಇನ್ನು ನಾನು ಬಾಯಿ ಬಿಟ್ಟು ಯಾರಿಗೇನು ಲಾಭ ಎಂದು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅವನ ಹೆಸರು ದಿನದಿನವೂ ಕೆಡುತ್ತಿದೆ ಎನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಆ ಸಂಜೆಯೇ ಡಾಕ್ಟರ ಮನೆಗೆ ಹೋದೆ. ರೋಗಿಗಳೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕಾದೆ. ಕರೆದಾಗ ಒಳಗೆ ಹೋಗಿ ನಿಂತೇ ಎಲ್ಲ ಹೇಳಿದೆ: ಬೆಲ್ಲಿನ ಸ್ಪ್ರಿಂಗು, ಹತ್ತರಲ್ಲಿ ಒಂದು ಸಲ ಬಾರದ್ದು, ಬಲ್ಬು, ಎಡಕ್ಕೇ ನಿಂತ ಕಡ್ಡಿ, ನಾನು ತಳ್ಳಿದ್ದು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಡಕ್ಕಿತ್ತಾ?"

"ಹೌದು ಸಾರ್."

"ಕೀ ಹಾಕ್ದಾಗ ದೀಪ ಹತ್ತಿತಾ?"

"ಹತ್ತಿತು ಸಾರ್. ಸದ್ದೂ ಕೇಳಿಸ್ತು."

"ನೀನು ತಾನಾಗೇ ಬರುತ್ತೆ ಅಂದೆ." ದನಿ ಏರಿರಲಿಲ್ಲ. "ಎರಡು ತಿಂಗಳು ಕೆಟ್ಟಿದ್ದಾಗ ಒಂದ್ಸಲಾನೂ ಮರೀಲಿಲ್ಲ ನಾನು. ನೀನು ಸರಿ ಮಾಡ್ದೆ ಅಂತ ಮೂರೇ ದಿನಕ್ಕೆ ಮರೆತೆ."

ನಾನು ಏನೋ ಹೇಳಲು ಹೋದೆ. "ಹೋಗಯ್ಯ," ಅಂದರು. "ನನ್ನ ಕಣ್ಣೆದುರಿಗೆ ನಿಲ್ಬೇಡ."

ಮರುದಿನ ಬೆಳಿಗ್ಗೆ ನಾನಿನ್ನೂ ಶೆಡ್ಡು ತೆರೆಯುತ್ತಿದ್ದೆ. ಡಾಕ್ಟರು ನಡೆದುಕೊಂಡು ಬಂದರು. ಕೈಯಲ್ಲಿ ಕೊಡೆ. ಮುಖ ನೋಡಿದರೆ ನಿದ್ದೆ ಮಾಡಿದಂತಿರಲಿಲ್ಲ.

"ನಡಿ, ಪುಟ್ಟೇನಹಳ್ಳಿಗೆ ಹೋಗೋಣ," ಅಂದರು.

ನಡೆದೇ ಹೋದೆವು. ದಾರಿಯುದ್ದಕ್ಕೂ ಜನ ಡಾಕ್ಟರನ್ನು ಕಂಡು ಕೈ ಮುಗಿದರೆ ಅವರು ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಿದ್ದರು.

ಆ ಮನೆ ಕೆರೆಯ ಕಡೆ ಕೊನೆಯದು. ಸತ್ತವನ ತಾಯಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಅಣ್ಣ ಹಗ್ಗ ಹೊಸೆಯುತ್ತಿದ್ದ. ಡಾಕ್ಟರನ್ನು ಕಂಡು ಇಬ್ಬರೂ ಎದ್ದು ನಿಂತರು. ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಇಪ್ಪತ್ತೈದು ದಾಟಿರಲಿಲ್ಲ.

"ನಿಮ್ಮ ಮಗನದ್ದು ತಪ್ಪಿರ್ಲಿಲ್ಲಮ್ಮ," ಎಂದು ಡಾಕ್ಟರು ಮುದುಕಿಗೆ ಹೇಳಿದರು. "ತಪ್ಪು ನನ್ನದು. ನನ್ನ ಕಾರು ಸುಳ್ಳು ದೀಪ ತೋರಿಸ್ತಿತ್ತು. ನಾನು ನೋಡ್ಕೊಳ್ಲಿಲ್ಲ." ನನ್ನ ಕಡೆ ತಿರುಗಿದರು. "ಮಿಕ್ಕಿದ್ದು ಇವನು ಹೇಳ್ತಾನೆ."

ನಾನು ಹೇಳಿದೆ. ಅವರಿಗೆ ಅರ್ಥವಾಗಲೆಂದು ಒಂದು ಕಡ್ಡಿಯಿಂದ ಮಣ್ಣಿನಲ್ಲಿ ರಸ್ತೆ ಗೀಚಿ ತೋರಿಸಿದೆ, ಕಾರು ಎಲ್ಲಿಂದ ಬಂತು, ಅವನು ಎಲ್ಲಿ ನಿಂತಿದ್ದ. ಮುಗಿಯುವ ಮುಂಚೆಯೇ ಅಣ್ಣ ಬಂದು ನನ್ನ ಕೆನ್ನೆಗೆ ಹೊಡೆದ. ಡಾಕ್ಟರು ತಡೆಯಲಿಲ್ಲ. ನಾನೂ ಕೈ ಎತ್ತಲಿಲ್ಲ.

"ಬಿಡಿ ಭಾವ," ಅಂದಳು ಹೆಂಡತಿ. ಅಂಗಳಕ್ಕಿಳಿದು ಬಂದು ನಾನು ಗೀಚಿದ ಗೆರೆಗಳನ್ನು ನೋಡುತ್ತಾ ನಿಂತಳು.

"ಆ ದೀಪ ಅವ್ರಿಗೆ ಕಾಣಿಸ್ತಿತ್ತಾ?"

"ಕಾಣಿಸ್ತಿತ್ತಮ್ಮ."

"ನಮ್ಮೂರ ಕಡೆ ತಿರುಗ್ತೀನಿ ಅಂತ್ಲೇ ಹೇಳ್ತಿತ್ತಾ ಅದು?"

"ಹೂಂ."

"ಹಂಗಾದ್ರೆ ಅವ್ರು ನೋಡ್ಕೊಂಡೇ ಬಂದ್ರು." ಅವಳು ಜಗಲಿಯ ಕಡೆ ತಿರುಗಿದಳು. "ಕೇಳುಸ್ಕೊಂಡ್ರಾ ಅತ್ತೆ? ನೋಡ್ಕೊಂಡೇ ಬಂದ್ರಂತೆ."

ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಕೂತುಬಿಟ್ಟಳು. ಅಣ್ಣ ಹಿತ್ತಲಿಗೆ ಹೋದ. ಹೆಂಡತಿ ಅಳಲಿಲ್ಲ. ಮತ್ತೆ ನನ್ನ ಕಡೆ ತಿರುಗಿದಳು.

"ನೀವು ಆ ಕಡ್ಡಿ ತಳ್ಳಿದಾಗ ಅವ್ರಿನ್ನೂ ಬದುಕಿದ್ರಾ?"

ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿಕೊಂಡಿರಲಿಲ್ಲ.

"ಬದುಕಿದ್ರು," ಅಂದೆ.

ಅವಳು ತಲೆ ಆಡಿಸಿದಳು. "ಇನ್ನು ಹೊರಡಿ ನೀವು," ಅಂದಳು. ಡಾಕ್ಟರಿಗೋ ನನಗೋ ತಿಳಿಯಲಿಲ್ಲ. ಇಬ್ಬರೂ ಹೊರಟೆವು.

ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋದೆವು. ಮುಗಿದ ವಿಷಯ ಯಾಕೆ ಕೆದಕುತ್ತೀರಿ ಎಂದು ಅಲ್ಲಿ ಬುದ್ಧಿ ಹೇಳಿದರು. ಹೇಳಿಕೆ ಬರೆದುಕೊಳ್ಳುವವರೆಗೆ ಏಳುವುದಿಲ್ಲವೆಂದು ಡಾಕ್ಟರು ಕೂತರು. ಕೇಸು ನಡೆಯಿತು. ಡಾಕ್ಟರು ತಪ್ಪೊಪ್ಪಿಕೊಂಡು ದಂಡ ಕಟ್ಟಿದರು, ಲೈಸೆನ್ಸನ್ನು ತಾವೇ ಹಿಂದಿರುಗಿಸಿದರು. ನಾನು ಕಟಕಟೆಯಲ್ಲಿ ನಿಂತು ಕಂಡದ್ದನ್ನೂ ಮಾಡಿದ್ದನ್ನೂ ಹೇಳಿದೆ. ಜಡ್ಜು ನನ್ನನ್ನು ಚೆನ್ನಾಗಿ ಬೈದರು, ಅಷ್ಟೇ. ಅದಕ್ಕಿಂತ ಹೆಚ್ಚಿನದು ಆಗಬೇಕಿತ್ತು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆರು ತಿಂಗಳು ನನ್ನ ಶೆಡ್ಡಿಗೆ ಗಿರಾಕಿಗಳು ಬರಲಿಲ್ಲ. ಆಮೇಲೆ ಮೆಲ್ಲಗೆ ಬಂದರು. ಬೇರೆ ಕೆಲಸಗಾರ ಆ ಕಡೆ ಇರಲಿಲ್ಲ.

ಡಾಕ್ಟರು ಮತ್ತೆ ಕಾರು ಓಡಿಸಲಿಲ್ಲ. ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು, ಬಸ್ಸಿಲ್ಲದಲ್ಲಿಗೆ ನಡೆದು. ನಾನು ಕೇಳದೆಯೇ ಆ ಸ್ವಿಚ್ಚನ್ನು ಬಿಚ್ಚಿದೆ. ಬೆಲ್ಲಿನ ಸ್ಪ್ರಿಂಗು ತನ್ನ ಕೊಂಡಿಯಿಂದ ಅರ್ಧ ಜಾರಿ, ಆಗೊಮ್ಮೆ ಈಗೊಮ್ಮೆ ಪಕ್ಕಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮದರಾಸಿನಿಂದ ಸರಿಯಾದ ಸ್ಪ್ರಿಂಗು ಬರಲು ಏಳು ವಾರ ಹಿಡಿಯಿತು. ಸವೆದ ನಾಲಗೆಗಳನ್ನು ಹೊಸ ಹಿತ್ತಾಳೆಯಲ್ಲಿ ಅರದಿಂದ ತೇದು ಮಾಡಿದೆ. ಹಸಿರು ಬಲ್ಬು ಹಾಕಿದೆ. ಎಡಕ್ಕೆ ನೂರು ಸಲ, ಬಲಕ್ಕೆ ನೂರು ಸಲ ತಿರುಗಿಸಿ ನೋಡಿದೆ, ಬಾಯಿಬಿಟ್ಟು ಎಣಿಸುತ್ತಾ. ಒಂದು ಸಲವೂ ತಪ್ಪಲಿಲ್ಲ. ಹೋಗಿ ಡಾಕ್ಟರಿಗೆ ಹೇಳಿದಾಗ ಅವರು, "ಸರಿ," ಅಂದರು. ಕಾರನ್ನು ಮೈಸೂರಿನ ಯಾರಿಗೋ ಕೊಟ್ಟರು. ತೊಗೊಂಡು ಹೋದವರಿಗೆ ನಾನು, ತಿರುಗಿದ ಮೇಲೆ ಕಡ್ಡಿ ನಡುವಿಗೆ ಬಂತಾ ಅಂತ ಪ್ರತಿ ಸಲ ನೋಡಿಕೊಳ್ಳಿ ಎಂದೆ. "ಸರಿ ಮಾಡಿದೀರಲ್ಲ?" ಅಂದರು. "ಮಾಡಿದೀನಿ. ಆದ್ರೂ ನೋಡ್ಕೊಳಿ," ಅಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಹೋದರು.

ಮೂರು ವರ್ಷದ ನಂತರ ನನ್ನ ಮದುವೆಯಾಯಿತು. ಶೆಡ್ಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಮಾಡಿದೆವು. ನಡೆದದ್ದನ್ನು ಹೆಂಡತಿಗೆ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು, "ಹೊಸದಾಗಿ ಒಬ್ಳು ಸೊಪ್ಪಿನೋಳು ಬರ್ತಿದಾಳೆ ರೀ, ಪುಟ್ಟೇನಹಳ್ಳಿಯವಳಂತೆ. ದಂಟು ಎಷ್ಟು ಎಳೇದಾಗಿದೆ ನೋಡಿ," ಅಂದಳು.

ತಟ್ಟೆಯಲ್ಲಿದ್ದದ್ದನ್ನು ಉಂಡು ಎದ್ದೆ. ಮರುದಿನದಿಂದ ಬೀದಿಯ ತುದಿಯಲ್ಲಿ "ಸೊಪ್ಪೂ..." ಎಂಬ ಕೂಗು ಕೇಳಿದರೆ ಒಳಕೋಣೆಗೆ ಹೋಗಿ ಕೂರುತ್ತಿದ್ದೆ. ಅವಳು ಬಾಗಿಲಲ್ಲಿ ಬುಟ್ಟಿ ಇಳಿಸುವ ಸದ್ದು, ಹೆಂಡತಿ ಚೌಕಾಸಿ ಮಾಡುವುದು, ಇಬ್ಬರೂ ಏನಕ್ಕೋ ನಗುವುದು, ಎಲ್ಲ ಕೇಳಿಸುತ್ತಿತ್ತು. ಹೋದ ಮೇಲೆ ಹೊರಗೆ ಬರುತ್ತಿದ್ದೆ. ಹೀಗೆ ಒಂದು ವರ್ಷವೇ ಕಳೆಯಿತು.

ಒಂದು ಬೆಳಿಗ್ಗೆ ಕೂಗು ಕೇಳಲಿಲ್ಲ. ನಾನು ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ನಿಂತಿದ್ದಳು, ತಲೆಯ ಮೇಲೆ ಬುಟ್ಟಿ. ಸತ್ತವನ ಹೆಂಡತಿಯೇ. ಅವಳಿಗೂ ನನ್ನ ಗುರುತು ಸಿಕ್ಕಿತು. ಅವಳ ಮುಖದಲ್ಲಿ ಅದು ಕಂಡಿತು. ಬಹುಶಃ ಯಾರ ಮನೆ ಎನ್ನುವುದು ಅವಳಿಗೆ ಮೊದಲೇ ಗೊತ್ತಿತ್ತು. ಕೇಳುವ ಧೈರ್ಯ ನನಗಿರಲಿಲ್ಲ.

"ಅಮ್ಮಾರಿಲ್ವಾ?" ಅಂದಳು.

"ದೇವಸ್ಥಾನಕ್ಕೆ ಹೋಗಿದಾಳೆ."

ಅವಳು ಬುಟ್ಟಿ ಇಳಿಸಿ, ಎರಡು ಕಟ್ಟು ಮೆಂತ್ಯ ಆರಿಸಿ, ಹೊಸ್ತಿಲ ಪಕ್ಕದಲ್ಲಿಟ್ಟಳು. "ಬಂದ್ಮೇಲೆ ಕೊಡಿ. ನಿನ್ನೆ ಕೇಳಿದ್ರು, ಇರ್ಲಿಲ್ಲ." ಮತ್ತೆ ಬುಟ್ಟಿ ಎತ್ತಲು ಬಗ್ಗಿದಳು. ಭಾರವಿತ್ತು. ನಾನು ಒಂದು ಕೈ ಕೊಡಲು ಮುಂದೆ ಹೋದೆ.

"ಬೇಡ," ಅಂದಳು. ಸಿಟ್ಟಿನಿಂದೇನಲ್ಲ. ಮಂಡಿಯ ಮೇಲೆ ಒಂದು ಸಲ ಬುಟ್ಟಿ ಊರಿ, ಉಸಿರು ಕಟ್ಟಿ ತಾನೇ ತಲೆಗೆ ಏರಿಸಿಕೊಂಡು ಪಕ್ಕದ ಮನೆಯ ಕಡೆ ಹೋದಳು.

ಹೆಂಡತಿ ಬಂದಾಗ ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆನಂತೆ. ಏನಾಯಿತು ಎಂದು ಕೇಳಿದಳು. ಅವತ್ತು ಶೆಡ್ಡು ತೆರೆಯಲಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಹೇಳಿದೆ.